ಮಗ್ಗದ ಕಂಪನಿಯ ಕಾರು

ಬೋರಪ್ಪ ಆ ಕಾರಿನ ಬಾಗಿಲನ್ನು ಬೆರಳಿನ ಗೆಣ್ಣಿನಿಂದ ಟಣ್ ಎಂದು ತಟ್ಟದೆ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಅವನು ಬಂದ ಕೆಲಸ ಮಗನಿಗೆ ಹೆಣ್ಣು ನೋಡುವುದು. ನೋಡಿ, ಉಪ್ಪಿಟ್ಟು ತಿಂದು, ಎಲೆಯಡಿಕೆ ಹಾಕಿಕೊಂಡು ಮಧುಗಿರಿ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು. ಹಾಳಾದವನು ಅಂಗಳದಲ್ಲಿ ನಿಂತಿದ್ದ ಕಾರನ್ನು ಕುಂಬಾರರ ಅಂಗಡಿಯಲ್ಲಿ ಮಡಕೆ ತಟ್ಟುವ ಹಾಗೆ ತಟ್ಟಿದ.

“ಯಾವೂರ ಮಾಲು ಬೀಗ್ರೇ ಇದು?”

“ಜಪಾನು,” ಅಂದ ಹೆಣ್ಣಿನ ಅಪ್ಪ ಕ್ಯಾತಪ್ಪ, ಮೀಸೆ ಸವರಿಕೊಂಡು.

“ಓಹೋ, ಜಪಾನ್ ಮಾಲಾ! ನನ್ ಮೊಮ್ಮಗನಿಗೆ ಸಂತೇಲಿ ಒಂದು ತಗಡಿನ ಕಪ್ಪೆ ತಂದಿದ್ದೆ. ಅದೂ ಜಪಾನಿಂದೇಯ. ಕೀ ಕೊಟ್ರೆ ಕುಣೀತಿತ್ತು. ಮನೆ ಬಾಗ್ಲಿಗೆ ಬರೋ ಹೊತ್ಗೆ ಒಂದ್ ಕಾಲು ಉದುರೋಗಿತ್ತು.”

ಅಂಗಳದಲ್ಲಿದ್ದವರೆಲ್ಲ ನಕ್ಕರು. ಮಧುಗಿರಿಯವರು ಮಾತ್ರ ನಕ್ಕಿದ್ದರೆ ಕ್ಯಾತಪ್ಪ ನುಂಗಿಕೊಳ್ಳುತ್ತಿದ್ದ. ಅವನ ಪಕ್ಕದ ಮನೆಯವರೂ ನಕ್ಕರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳು ಸರೋಜಮ್ಮನೂ ಕಿಸಕ್ಕೆಂದಳು.

ಕ್ಯಾತಪ್ಪ ಕೊರಟಗೆರೆಯಲ್ಲಿ ಹೆಸರಾದ ಕಂಬಳಿ ವ್ಯಾಪಾರಿ. ಅವನ ಅಪ್ಪ ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯ್ದೇ ಸತ್ತವನು. ಮಗ ನೇಯುವುದು ಬಿಟ್ಟು ಮಾರುವುದು ಹಿಡಿದ, ನಾಲ್ಕು ಕಾಸು ಕಂಡ, ಕಾರಿನ ಆಸೆಗೆ ಬಿದ್ದ. ಶಿರಾದಲ್ಲಿ ಶಫೀವುಲ್ಲಾ ಎಂಬ ತೊಗಲಿನ ವ್ಯಾಪಾರಿ ಇದ್ದ. ತೊಗಲು ಮಾರಲು ಮದ್ರಾಸಿಗೆ ಹೋಗಿ ಬರುತ್ತಿದ್ದವನು, ಅಲ್ಲಿ ದೇಶ ಬಿಟ್ಟು ಹೊರಟಿದ್ದ ಯಾರೋ ವಿದೇಶಿ ಅಧಿಕಾರಿಯ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ತಂದ.

“ಕ್ಯಾತಪ್ಪಾ ಭಾಯಿ, ಇದು ನಿಮ್ದೇ ಕಂಪನಿ ಅಂತ ತಿಳ್ಕೊಳ್ಳಿ,” ಎಂದಿದ್ದ ಶಫೀವುಲ್ಲಾ. “ಇದನ್ನ ಮಾಡಿದೋರು ಮೊದ್ಲು ಕಾರೇ ಮಾಡ್ತಿರ್ಲಿಲ್ಲ. ಮಗ್ಗ ಮಾಡ್ತಿದ್ರು. ನೂಲು ಹರಿದ್ರೆ ತಾನೇ ನಿಂತ್ಕೊಳ್ಳೋ ಮಗ್ಗ! ಅದರ ಹಕ್ಕನ್ನ ಇಂಗ್ಲಿಷ್‌ನೋರೇ ಕಾಸು ಕೊಟ್ಟು ತಗೊಂಡ್ರಂತೆ. ಆಮೇಲೆ ಮಗ ಬಂದ, ಕಾರು ಮಾಡ್ತೀನಂದ. ಯುದ್ಧದಾಗೆ ಎಲ್ಲಾ ಬರ್ಬಾದ್ ಆಯ್ತು, ಕಂಪನಿ ಮುಚ್ಚೋ ಹಂಗಾಯ್ತು. ಅಮೇರಿಕದ ಮಿಲಿಟ್ರಿಗೆ ಲಾರಿ ಮಾಡ್ಕೊಟ್ಟು ಮತ್ತೆ ಎದ್ದು ನಿಂತ್ರು. ಈ ಕಾರಿನ ಯಜಮಾನ ಕಣ್ಣೀರು ಹಾಕ್ಕೊಂಡು ಮಾರ್ತಾ ಅವ್ನೆ. ಒಂದು ದಿನಾನೂ ಕೈ ಕೊಟ್ಟಿಲ್ವಂತೆ.”

ಮಗ್ಗ ಎಂಬ ಮಾತು ಕಿವಿಗೆ ಬಿದ್ದದ್ದೇ ಕ್ಯಾತಪ್ಪ ಕರಗಿಹೋದ. ಕಾರು ಬಂದ ಮೇಲೆ ಎದುರು ಸಿಕ್ಕವರಿಗೆಲ್ಲ ಆ ಕಥೆಯನ್ನು ಹೇಳಿದ್ದೇ ಹೇಳಿದ್ದು. ಬೋರಪ್ಪನಿಗೂ ಹೇಳಿದ. ಬೋರಪ್ಪ ಪೂರ್ತಿ ಕೇಳಿಸಿಕೊಂಡು, “ಅಂಗಾರೆ ಇದು ಕಾರಲ್ಲ ಬುಡಿ ಬೀಗ್ರೇ, ಗಾಲಿ ಕಟ್ಟಿರೋ ಮಗ್ಗ!” ಎಂದ.

ಮತ್ತೆ ನಗು. ಕ್ಯಾತಪ್ಪನ ತಲೆಗೆ ರಕ್ತ ಏರಿತು.

“ಮುಂದಿನ ಸಂತೆ ದಿನ ನಾನೇ ಓಡಿಸ್ಕೊಂಡು ನಿಮ್ಮ ಮಧುಗಿರಿ ದನದ ಸಂತೆ ನಡುಮಧ್ಯಕ್ಕೆ ಬತ್ತೀನಿ. ದಾರೀಲಿ ಕೆಡದಂಗೆ ಬಂದ್ರೆ, ನೀವು ಇದ್ರಾಗೆ ಕೂತ್ಕೊಂಡು ಊರೆಲ್ಲಾ ನೋಡೋ ಹಂಗೆ ಪ್ಯಾಟೆ ಸುತ್ತಬೇಕು. ಕೆಟ್ಟು ನಿಂತ್ರೆ ಅದೇ ಸಂತೇಲಿ ಅರ್ಧ ಮೀಸೆ ತೆಗೆಸ್ಕಂತೀನಿ!”

“ಆಯ್ತು ಬುಡಿ,” ಎಂದ ಬೋರಪ್ಪ. “ಕತ್ತಿ ಸಾಣೆ ಹಿಡಿಸಿ ಇಡ್ತೀನಿ.”

ಅವರು ಬಸ್ಸಿಗೆ ಹೋದ ಮೇಲೆ ಹೆಂಡತಿ ನಾಗಕ್ಕ ಲೋಟ ತೊಳೆಯುತ್ತಾ ಕೇಳಿದಳು: “ಮಗಳ ಧಾರೆಗೆ ಅರ್ಧ ಮೀಸೆ ಇಟ್ಕೊಂಡು ನಿಂತ್ಕಂತೀಯಾ? ಬಂದೋರು ನಿನ್ನ ಯಾವ ಕಡೆಯಿಂದ ಮಾತಾಡಿಸಬೇಕಯ್ಯಾ?”

ಕ್ಯಾತಪ್ಪನಿಗೆ ಆಗ ನೆನಪಾದದ್ದು ಬೇರೆಯೇ ವಿಷಯ. ಆ ಕಾರನ್ನು ಅವನು ಒಂದು ದಿನವೂ ತಾನಾಗಿ ಓಡಿಸಿರಲಿಲ್ಲ. ಓಡಿಸುತ್ತಿದ್ದವನು ಡ್ರೈವರ್ ರಹೀಮ. ಕ್ಯಾತಪ್ಪ ಹಿಂದಿನ ಸೀಟಿನಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಬೀಡಿ ಸೇದಿದ್ದಷ್ಟೇ. ಅವನು ಕೈಯಲ್ಲಿ ಹಿಡಿದಿದ್ದ ಸ್ಟೇರಿಂಗ್ ಎಂದರೆ ಪ್ರಾಯದಲ್ಲಿ ಉಣ್ಣೆ ಸಾಗಿಸುತ್ತಿದ್ದ ಒಂದು ಹಳೇ ಲಾರಿಯದು. ಅದು ಹೊರಟರೆ ಮೂರು ಊರಿನ ನಾಯಿಗಳು ಬೊಗಳುತ್ತಿದ್ದವು, ಹಲ್ಲು ಅಲುಗಾಡುವವರು ಹತ್ತಲು ಹೆದರುತ್ತಿದ್ದರು.

ಸಂತೆಯ ದಿನ ಬೆಳಿಗ್ಗೆ ರಹೀಮ ಕಾರು ಒರೆಸಿ, ಸ್ಟಾರ್ಟ್ ಮಾಡಿ, ಮಧುಗಿರಿ ಕಡೆಗೆ ಮೂತಿ ತಿರುಗಿಸಿ ನಿಲ್ಲಿಸಿದ.

“ನಾನೂ ಬರ್ತೀನಿ ಸಾವ್ಕಾರ್ರೇ. ಸುಮ್ನೆ ಪಕ್ಕದಾಗೆ ಕೂತಿರ್ತೀನಿ.”

“ಬ್ಯಾಡ. ನೀನು ಬಂದ್ರೆ ನೀನೇ ಓಡಿಸ್ದೆ ಅಂತಾರೆ ಆ ಮಧುಗಿರಿಯೋರು.”

“ಅಂಗಾದ್ರೆ ಎರಡು ಮಾತು ಕೇಳಿ. ಅಲ್ಲಿಗೆ ಹೋಗೋ ತನಕ ಕೀಲಿ ತಂಟೆಗೆ ಹೋಗ್ಬೇಡಿ. ಅಕಸ್ಮಾತ್ ಇಂಜಿನ್ ನಿಂತ್ರೆ, ಲಾರಿ ತುಳಿದಂಗೆ ಅಕ್ಸಲೇಟರ್ ತುಳಿದು ತುಳಿದು ಹಾಕ್ಬೇಡಿ. ಪೆಟ್ರೋಲ್ ಕುಡಿದು ಕೂತ್ಬಿಡ್ತದೆ, ಆಮೇಲೆ ಅವರಪ್ಪ ಬಂದ್ರೂ ಏಳಲ್ಲ.”

“ಎಲ್ಲಾ ಗೊತ್ತು ಹೋಗಲೇ,” ಎಂದ ಕ್ಯಾತಪ್ಪ.

ಪಕ್ಕದ ಮನೆಯ ಚಿಕ್ಕನರಸಯ್ಯ ಸಾಕ್ಷಿಗೆಂದು ಮುಂದಿನ ಸೀಟಿನಲ್ಲಿ ಬಂದು ಕೂತ. ಕರೆದವರಾರೂ ಇಲ್ಲ. ಅವನು ಹಿಂದೆ ಸರ್ವೀಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಸೀಟಿ ಊದಿದ ಬಾಯಿಗೆ ಇಂಜಿನ್ನಿನ ವಿಷಯವೂ ಗೊತ್ತಿರುತ್ತದೆ ಎಂಬುದು ಅವನ ನಂಬಿಕೆ. ಎದುರುಮನೆಯ ಪೆದ್ದಮ್ಮ, ಪಾವಗಡದ ಕಡೆಯ ತೆಲುಗು ಮಾತಿನ ಮುದುಕಿ, ಕೋಳಿಗಳ ಮಂಕರಿ ಹೊತ್ತು ಓಡಿ ಬಂದಳು.

“ಒಸಿ ನಿಂತ್ಕೋ ನಾಯನಾ! ನಾನೂ ಸಂತೆಗೇ ಹೋಗ್ಬೇಕು. ಬಸ್ಸಿನೋನು ಕೋಳಿಗೂ ಟಿಕೀಟು ಕೇಳ್ತಾನೆ, ಪಾಡುಗಾನು, ಹಾಳಾಗೋಗ್ಲಿ ಅವ್ನು.”

“ಕೋಳಿ ಬ್ಯಾಡಜ್ಜೀ, ಸೀಟು ಗಲೀಜಾಯ್ತದೆ.”

“ಅವು ನಿನ್ನಷ್ಟು ತಿನ್ನಲ್ಲ ಬುಡು,” ಎಂದು ಪೆದ್ದಮ್ಮ ಹತ್ತಿ ಕೂತೇ ಬಿಟ್ಟಳು. ಕ್ಯಾತಪ್ಪ ಮಾತು ಬೆಳೆಸಲಿಲ್ಲ. ಶುಭಕ್ಕೆ ಹೊರಟಾಗ ಮುದುಕಿಯ ಬಾಯಿಗೆ ಬೀಳುವುದು ಯಾಕೆ?

ಕಾರು ಹೊರಟಿತು. ಹೊರಟದ್ದು ಹೇಗೆಂದರೆ, ಬೆಣ್ಣೆಯ ಮೇಲೆ ಬೆರಳು ಎಳೆದ ಹಾಗೆ. ಕ್ಯಾತಪ್ಪ ಮೊದಮೊದಲು ಸ್ಟೇರಿಂಗನ್ನು ಕುಸ್ತಿಗೆ ಬಂದವನ ಕತ್ತು ಹಿಡಿದ ಹಾಗೆ ಹಿಡಿದಿದ್ದ. ಊರು ದಾಟಿದ ಮೇಲೆ ಕೈ ಸಡಿಲವಾಯಿತು. ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಒಂದು ಎತ್ತಿನ ಗಾಡಿಯವನು ಸಲಾಮು ಹೊಡೆದ. ಕ್ಯಾತಪ್ಪ ಒಂದು ಕೈ ಹೊರಗೆ ಬಿಟ್ಟು ಮೀಸೆಯ ತುದಿ ತಿರುಗಿಸಿದ.

“ಯಾರ್ಲಾ ಹೇಳಿದ್ದು ಇದು ಆಟದ ಸಾಮಾನು ಅಂತ?” ಎಂದ ಚಿಕ್ಕನರಸಯ್ಯನಿಗೆ.

“ನಾನಂತೂ ಹೇಳ್ನಿಲ್ಲಪ್ಪ,” ಎಂದ ಚಿಕ್ಕನರಸಯ್ಯ. ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಮಧುಗಿರಿಯ ಬೆಟ್ಟ ಎದ್ದು ಕಣ್ಣ ಮುಂದೆ ಬಂತು. ಪೇಟೆ ಇನ್ನೇನು ಬಂದೇಬಿಟ್ಟಿತು ಅನ್ನುವಾಗ ರಸ್ತೆಯ ತುಂಬ ಕುರಿ. ಸಂತೆಗೆ ಹೊರಟ ಮಂದೆ ರಸ್ತೆಯನ್ನು ತಮ್ಮಪ್ಪನ ಆಸ್ತಿಯ ಹಾಗೆ ಹಿಡಿದಿತ್ತು. ಕ್ಯಾತಪ್ಪ ಕ್ಲಚ್ಚು, ಬ್ರೇಕು ತುಳಿದು, ಗೇರನ್ನು ನ್ಯೂಟ್ರಲ್ಲಿಗೆ ತಂದು ನಿಲ್ಲಿಸಿದ. ಬ್ಯಾ ಬ್ಯಾ ಎಂಬ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳುತ್ತಿರಲಿಲ್ಲ. ಕುರಿಗಳು ಕಾರಿಗೆ ಮೈ ಉಜ್ಜಿಕೊಂಡು, ಕಿಟಕಿಯಲ್ಲಿ ಮೂತಿ ತೂರಿಸಿ ಕೋಳಿಗಳನ್ನು ಮಾತಾಡಿಸಿಕೊಂಡು, ನಿಧಾನವಾಗಿ ದಾಟಿಹೋದವು. ಧೂಳು ಇಳಿಯಿತು.

ಸದ್ದಿಲ್ಲ.

ಕ್ಯಾತಪ್ಪ ಕಿವಿ ಆನಿಸಿದ. ಮುಂದೆ ಹೋದ ಮಂದೆಯ ಕೂಗು ಕೇಳುತ್ತಿತ್ತು. ಹಿಂದೆ ಕೋಳಿಗಳ ಕೊರಕೊರ ಕೇಳುತ್ತಿತ್ತು. ಇಂಜಿನ್ನಿನ ಸದ್ದು ಮಾತ್ರ ಇಲ್ಲ.

“ನಿಂತೋಯ್ತಾ?” ಎಂದ ಮೆಲ್ಲಗೆ.

“ನಿಂತೋಗೈತೆ,” ಎಂದ ಚಿಕ್ಕನರಸಯ್ಯ, ಕಾರಿನ ಒಳಗೇ ಹುಟ್ಟಿ ಬೆಳೆದವನ ಹಾಗೆ. “ಕೀಲಿ ತಿರುಗ್ಸು.”

ಕ್ಯಾತಪ್ಪ ಕೀಲಿ ತಿರುಗಿಸಿದ. ಕರ್ರ್ರ್ರ್! ಕಬ್ಬಿಣವನ್ನು ಕಬ್ಬಿಣ ಅಗಿದ ಸದ್ದು. ಕೋಳಿಗಳು ಒಟ್ಟಿಗೆ ಅರಚಿಕೊಂಡವು. ಅವನು ಕೈ ಸುಟ್ಟವನ ಹಾಗೆ ಕೀಲಿಯನ್ನು ಬಿಟ್ಟ. ಇನ್ನೊಂದು ಸಲ ತಿರುಗಿಸಿದ. ಕರ್ರ್ರ್ರ್! ಪೆದ್ದಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿ, “ಅಯ್ಯೋ, ಕತ್ತು ಕುಯ್ತಾವನಲ್ಲಪ್ಪೋ!” ಎಂದು ಕೂಗಿದಳು.

“ಹಲ್ಲು!” ಎಂದ ಚಿಕ್ಕನರಸಯ್ಯ. “ಒಳಗಿನ ಹಲ್ಲು ಉದುರೈತೆ. ನಮ್ ಬಸ್ಸಿನಾಗೂ ಇಂಗೇ ಆಗಿತ್ತು. ಇನ್ನು ಕೀಲೀನೂ ಮುಟ್ಬ್ಯಾಡ, ಗೇರೂ ಮುಟ್ಬ್ಯಾಡ. ಮುಟ್ಟಿದ್ರೆ ಮಿಕ್ಕಿರೋವೂ ಉದುರ್ತವೆ.”

ಲಾರಿ ತುಳಿದಂಗೆ ತುಳೀಬೇಡಿ ಎಂದಿದ್ದ ರಹೀಮನ ಮಾತು ನೆನಪಾಗಿ ಕ್ಯಾತಪ್ಪ ಅಕ್ಸಲೇಟರಿಗೂ ಕಾಲು ಸೋಕಿಸಲಿಲ್ಲ. ಅವನ ಕೈ ತಾನಾಗಿ ಮೀಸೆಗೆ ಹೋಯಿತು. ಈ ಸಲ ತಿರುವಲಿಕ್ಕಲ್ಲ, ಇದೆಯೋ ಇಲ್ಲವೋ ನೋಡಿಕೊಳ್ಳಲಿಕ್ಕೆ.

ನಮ್ಮ ರಸ್ತೆಗಳಲ್ಲಿ ಒಬ್ಬ ಮನುಷ್ಯ ಬಿದ್ದು ಒದ್ದಾಡುತ್ತಿದ್ದರೆ ನೀರು ಕೊಡುವವರು ಸಿಗುವುದಿಲ್ಲ. ಒಂದು ಕಾರು ನಿಂತರೆ ಮರದ ಮೇಲಿಂದಲೂ ಜನ ಇಳಿದು ಬರುತ್ತಾರೆ. ನೋಡನೋಡುತ್ತಾ ಸಂತೆಗೆ ಹೊರಟವರೆಲ್ಲ ಗಂಟುಮೂಟೆ ಇಳಿಸಿ ಸುತ್ತ ನಿಂತರು. ಎಲ್ಲರದೂ ಒಂದೊಂದು ಸಲಹೆ, ಎಲ್ಲರದೂ ಗಟ್ಟಿ ಗಂಟಲು.

“ನೀರು ಹುಯ್ಯಿರಿ, ತಣ್ಣಗಾಗ್ಲಿ.”

“ನಿಂಬೆಹಣ್ಣು ಇಡ್ನಿಲ್ವಾ ಗಾಲಿ ಕೆಳ್ಗೆ? ಮತ್ತೆ ಹೆಂಗ್ ಹೋಯ್ತದೆ?”

“ಯಾವೂರ್ ಕಾರು ಇದು?”

“ಜಪಾನು,” ಎಂದ ಚಿಕ್ಕನರಸಯ್ಯ, ಕೇಳುವುದೇ ತಡ. “ಮಗ್ಗ ಮಾಡ್ತಿದ್ದ ಕಂಪನೀದು.”

“ಮಗ್ಗಾನಾ?” ಗುಂಪಿನಲ್ಲಿದ್ದ ಒಬ್ಬ ಕಂಬಳಿ ನೇಯುವವನು ಮುಂದೆ ಬಂದ. ಚಿಕ್ಕನರಸಯ್ಯ ಅವನಿಗೆ ಇಡೀ ಕಥೆ ಒಪ್ಪಿಸಿದ. ನೂಲು ಹರಿದರೆ ಆ ಮಗ್ಗ ತಾನೇ ನಿಲ್ಲುತ್ತದೆ ಎಂಬಲ್ಲಿಗೆ ಬಂದಾಗ ಚಿಕ್ಕನರಸಯ್ಯನ ಕಣ್ಣೇ ಅರಳಿತು. ತೊಡೆ ತಟ್ಟಿಕೊಂಡ.

“ಕ್ಯಾತಪ್ಪಾ! ಸಿಕ್ತು ಕಣಪ್ಪಾ! ಇದ್ರಾಗೂ ಎಲ್ಲೋ ನೂಲು ಹರಿದೈತೆ. ಅದ್ಕೇ ತಾನೇ ನಿಂತ್ಕೊಂಡೈತೆ!”

ಬೇರೆ ಊರಿನಲ್ಲಿ ಈ ಮಾತಿಗೆ ನಗುತ್ತಿದ್ದರು. ಅಲ್ಲಿ ಸೇರಿದ್ದವರಲ್ಲಿ ಅರ್ಧ ಜನ ಮಗ್ಗದ ಮನೆಯವರು. ಅವರಿಗೆ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ. ಅಷ್ಟೂ ಜನ ನೆಲಕ್ಕೆ ಬಿದ್ದರು. ಒಬ್ಬ ಕಾರಿನ ಕೆಳಗೆ ತೂರಿದ, ಇಬ್ಬರು ಸೀಟು ಎತ್ತಿದರು, ಕಂಬಳಿಯವನು ಹಿಂದಿನ ಡಿಕ್ಕಿಯಲ್ಲಿ ತಲೆ ಇಟ್ಟ. ಕ್ಯಾತಪ್ಪನೂ ಬಿಳಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಧೂಳಿನಲ್ಲಿ ಮಂಡಿಯೂರಿದ. ಮುಂದಿನ ಮುಚ್ಚಳ ಎತ್ತೋಣವೆಂದರೆ ಅದನ್ನು ತೆಗೆಯುವ ಉಪಾಯ ರಹೀಮನಿಗೆ ಮಾತ್ರ ಗೊತ್ತು.

“ಸಿಕ್ತು!” ಎಂದು ಒಬ್ಬ ಕೂಗಿದ. ಸೀಟಿನ ಸಂದಿಯಿಂದ ಗೇಣುದ್ದದ ಕರಿ ದಾರ ಹೊರಬಂತು. ಕಂಬಳಿಯವನು ಅದನ್ನು ಎರಡು ಬೆರಳಲ್ಲಿ ತಿರುವಿ, ಮೂಸಿ, “ಇದು ಕೊರಟಗೆರೆ ಕಂಬಳಿದು ಕಣ್ರಪ್ಪ. ನೂಲೂ ಸರಿಗಿಲ್ಲ,” ಎಂದು ತೀರ್ಪು ಕೊಟ್ಟ. ಕ್ಯಾತಪ್ಪನಿಗೆ ವ್ಯಾಪಾರದ ಮಾನವೂ ಅಲ್ಲೇ ಹೋಯಿತು.

ಅಷ್ಟರಲ್ಲಿ ಪೆದ್ದಮ್ಮ ಕಾರಿನ ಮೂತಿಗೆ ಒರಗಿ ನಿಂತಿದ್ದಳು.

“ನಾಯನಾ, ಇದು ನಡುಗ್ತಾ ಐತೆ.”

“ನಡುಗ್ತಿರೋದು ನೀನು. ವಯಸ್ಸಾಗೈತೆ, ಕೂತ್ಕೋ,” ಎಂದ ಚಿಕ್ಕನರಸಯ್ಯ.

“ನಾನು ಯಾಕೋ ನಡುಗ್ಲಿ, ನಿನ್ನ ಕಂಡಾ?”

ಜಗಳ ಮುಂದುವರಿಯುತ್ತಿತ್ತು. ಆಗಲೇ ಕೊರಟಗೆರೆಯಿಂದ ಬಸ್ಸು ಬಂತು. ಕಿಟಕಿಗೊಂದರಂತೆ ತಲೆಗಳು ಹೊರಬಂದವು, ಎಲ್ಲವೂ ಪರಿಚಯದ ತಲೆಗಳೇ. ಪ್ರತಿ ವಾರ ಸಾಲ ಹೇಳಿ ಕಂಬಳಿ ಒಯ್ಯುವವನೂ ಒಬ್ಬನಿದ್ದ. ಅವನೇ ಎಲ್ಲರಿಗಿಂತ ಮೊದಲು ಕೂಗಿದ: “ಏನ್ ಸಾವ್ಕಾರ್ರೇ, ಕಪ್ಪೆ ಕಾಲು ಉದುರ್ತಾ?” ಬಸ್ಸಿಗೆ ಬಸ್ಸೇ ನಕ್ಕಿತು. ಕ್ಯಾತಪ್ಪ ಏನೋ ಹುಡುಕುವವನ ಹಾಗೆ ಮತ್ತೆ ಕಾರಿನ ಕೆಳಗೆ ತಲೆ ಹಾಕಿದ. ಬಸ್ಸು ಕಣ್ಮರೆಯಾಗುವವರೆಗೂ ಆ ತಲೆಯನ್ನು ಈಚೆಗೆ ತೆಗೆಯಲಿಲ್ಲ. ಅಲ್ಲಿ ಅವನ ಕಿವಿಗೆ ಏನೋ ಗುಂಯ್ ಎಂದದ್ದು ನಿಜ. ಅವಮಾನಕ್ಕೆ ಕಿವಿ ಗುಂಯ್ಗುಟ್ಟುತ್ತಿದೆ ಅಂದುಕೊಂಡ.

“ವಾಪಸ್ ತಳ್ಳಿಸ್ಕೊಂಡು ಹೋಗೋಣ,” ಎಂದ ಎದ್ದು.

“ಕೊರಟಗೆರೆ ತನಕವಾ? ಸಾಯ್ತಾರೆ ಜನ,” ಎಂದ ಚಿಕ್ಕನರಸಯ್ಯ. “ಹೆಂಗೂ ಮಧುಗಿರೀಲಿ ಮೆಕ್ಯಾನಿಕ್ಕು ಅವ್ನೆ. ಅಲ್ಲೀಗಂಟ ಎಳೆಸೋಣ.”

“ಸಂತೆ ಮುಂದ್ಗಡೆಯಿಂದಲಾ?”

“ಬೇರೆ ದಾರಿ ಎಲ್ಲೈತಪ್ಪಾ?”

ಬೈಲಪ್ಪ ಎಂಬವನು ತನ್ನ ಜೋಡಿ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೊರಟಿದ್ದ. ಅವನು ಮರುಕಪಟ್ಟು ಎತ್ತಿಗೆ ನೊಗ ಹೂಡಿ, ಭಾರಿ ಹಗ್ಗವೊಂದನ್ನು ಕಾರಿನ ಮುಂದಿನ ಕಂಬಿಗೆ ಕಟ್ಟಿದ. ಕ್ಯಾತಪ್ಪ ಸ್ಟೇರಿಂಗ್ ಹಿಡಿದು ಕೂತು, ಹೆಗಲ ಮೇಲಿನ ಟವೆಲ್ಲನ್ನು ಮೂಗಿನವರೆಗೆ ಎಳೆದುಕೊಂಡ. ಪೆದ್ದಮ್ಮ ಕೋಳಿಗಳೊಂದಿಗೆ ಮತ್ತೆ ಹಿಂದೆ ಹತ್ತಿದಳು. ಎತ್ತಿನ ಗಂಟೆ ಘಲ್ ಘಲ್ ಎಂದಿತು. ಮೆರವಣಿಗೆ ಹೊರಟಿತು. ಮುಂದೆ ಎತ್ತು, ಹಿಂದೆ ಕಾರು, ಕಾರಿನ ಹಿಂದೆ ತಳ್ಳುವವರು, ತಳ್ಳುವವರ ಹಿಂದೆ ನಗುವವರು. ಹೆಣದ ಮುಂದೆ ತಮಟೆ ಒಂದು ಇರಲಿಲ್ಲ, ಅಷ್ಟೇ ಕಡಿಮೆ.

ಕ್ಯಾತಪ್ಪನಿಗೆ ಆ ಕ್ಷಣ ಜಪಾನಿನ ಮೇಲೆ ಹುಟ್ಟಿದ ಸಿಟ್ಟು ಅಷ್ಟಿಷ್ಟಲ್ಲ. ಮಗ್ಗ ಮಾಡಿಕೊಂಡು ಇದ್ದವರು ಮಗ್ಗ ಮಾಡಿಕೊಂಡೇ ಇರಬಾರದಾಗಿತ್ತಾ? ಯಾವನು ಇವರನ್ನು ಕಾರು ಮಾಡಿ ಅಂದಿದ್ದು? ಶಫೀವುಲ್ಲಾನನ್ನೂ ಬೈದುಕೊಂಡ. ಕಣ್ಣೀರು ಹಾಕಿಕೊಂಡು ಮಾರಿದನಂತೆ ಆ ಅಧಿಕಾರಿ! ಹಾಕದೆ ಏನು, ತೊಲಗಿತಲ್ಲ ಎಂಬ ಆನಂದಕ್ಕೆ ಹಾಕಿರುತ್ತಾನೆ.

ಸಂತೆಯ ಬಾಯಲ್ಲೇ ಬೋರಪ್ಪ ನಿಂತಿದ್ದ. ಬಸ್ಸು ಮೊದಲೇ ಬಂದು ಸುದ್ದಿ ಹಂಚಿತ್ತು. ಹುಣಸೆಮರದ ಕೆಳಗೆ ಕ್ಷೌರದವನು ಪೆಟ್ಟಿಗೆ ಬಿಚ್ಚಿ, ಕತ್ತಿಯನ್ನು ಅಂಗೈ ಮೇಲೆ ಹಿಂದೆ ಮುಂದೆ ಆಡಿಸುತ್ತಿದ್ದ. ದನ ಮಾರುವವರು ದನ ಬಿಟ್ಟು ಬಂದರು, ಕೊಳ್ಳುವವರು ವ್ಯಾಪಾರ ಬಿಟ್ಟು ಬಂದರು. ಎಮ್ಮೆ, ಕರು, ಜನ ಎಲ್ಲ ಸೇರಿ ಕೂಗುವ ಆ ಗದ್ದಲದಲ್ಲಿ ಕ್ಯಾತಪ್ಪ ಟವೆಲ್ಲು ತೆಗೆದು ಕೆಳಗೆ ಇಳಿದ. ಬೈಲಪ್ಪ ಎತ್ತುಗಳನ್ನು ನೊಗದಿಂದ ಬಿಚ್ಚಿ, “ತಗೋ ಯಜಮಾನ, ನಿನ್ ಗಾಡಿ ನೀನ್ ಹಿಡ್ಕೋ,” ಎಂದು ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟ.

“ಬಂದ್ರಾ ಬೀಗ್ರೇ,” ಎಂದ ಬೋರಪ್ಪ. “ದನದ ಸಂತೆಗೆ ಹೆಂಗ್ ಬರಬೇಕೋ ಅಂಗೇ ಬಂದ್ರಿ. ಹಗ್ಗ ಹಿಡ್ಕೊಂಡು.”

ಸಂತೆ ಕುಲುಕಿ ಕುಲುಕಿ ನಕ್ಕಿತು. ಕ್ಯಾತಪ್ಪ ನೆಲ ನೋಡುತ್ತಾ ನಿಂತ. ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ.

“ಬೀಗ್ರೇ, ಮೀಸೆ ನಂದು, ತೆಗೀರಿ. ಆದ್ರೆ ಮದುವೆ ಮುಗೀಲಿ. ಮಗಳು ತಲೆ ತಗ್ಗಿಸ್ತಾಳೆ.”

ಬೋರಪ್ಪ ಹುಟ್ಟಿನಿಂದ ದನದ ವ್ಯಾಪಾರಿ. ಕುರಿ ದನ ಸಾಗಿಸಲು ಸ್ವಂತ ಲಾರಿ ಇಟ್ಟು ತಾನೇ ಓಡಿಸುತ್ತಿದ್ದವನು. ಕ್ಯಾತಪ್ಪನ ಮಾತು ಕೇಳುತ್ತಾ ಕಾರನ್ನು ಒಂದು ಸುತ್ತು ಹಾಕಿದ. ಗಾಲಿಗೆ ಕಾಲಿನಿಂದ ಒದ್ದ. ಮುಂದೆ ಬಂದು ಮೂತಿಯ ಮೇಲೆ ಅಂಗೈ ಇಟ್ಟುಕೊಂಡು, ಏನೋ ಯೋಚಿಸುವವನ ಹಾಗೆ ಸ್ವಲ್ಪ ಹೊತ್ತು ನಿಂತ. ಮತ್ತೆ ಬಂದಾಗ ಅವನ ಮುಖವೇ ಬೇರೆಯಾಗಿತ್ತು. ಅಷ್ಟು ಕರುಣೆಯನ್ನು ಆ ಮುಖದಲ್ಲಿ ಅವನ ಹೆಂಡತಿಯೂ ಕಂಡಿರಲಿಲ್ಲ.

“ಏಳಪ್ಪಾ, ಕತ್ತಿ ಒಳಗಿಡು,” ಎಂದ ಕ್ಷೌರದವನಿಗೆ. ಕ್ಯಾತಪ್ಪನ ಹೆಗಲ ಮೇಲೆ ಕೈ ಹಾಕಿದ. “ನಿಮ್ ಮೀಸೆ ಅಂದ್ರೆ ನಮ್ ಮನೆ ಮೀಸೆ ಅಲ್ವಾ ಬೀಗ್ರೇ? ನಾನೇ ಅದನ್ನ ತೆಗೆಸ್ಲಾ? ಹೋಗ್ಲಿ ಬುಡಿ. ಈ ದರಿದ್ರಾನ ಮತ್ತೆ ಕೊರಟಗೆರೆಗೆ ಎಳ್ಕೊಂಡೋಗಿ ಇನ್ನೊಂದ್ಸಲ ಯಾಕ್ ನಗೆಪಾಟಲಾಗ್ತೀರಿ? ನಂಗೇ ಬುಟ್ಟುಬುಡಿ. ತಗಡಿನ ಬೆಲೆಗಾದ್ರೂ ಆಯ್ತದೆ. ಅಲ್ಲಿ ನಿಂತೈತಲ್ಲ, ನನ್ ಎಮ್ಮೆ, ಅದನ್ನ ಹೊಡ್ಕೊಂಡೋಗಿ. ಬೀಗ್ರು ಸಂತೆಯಿಂದ ಬರಿಗೈಲಿ ಹೋದ್ರು ಅನ್ನಿಸ್ಕೋಬಾರ್ದು.”

ಕ್ಯಾತಪ್ಪನಿಗೆ ಅದು ಮುಳುಗುವವನ ಕೈಗೆ ಸಿಕ್ಕ ಬಳ್ಳಿಯ ಹಾಗೆ ಕಂಡಿತು. ಮೀಸೆ ಉಳಿಯಿತು. ಈ ಪೀಡೆಯೂ ತೊಲಗಿತು. ಎಮ್ಮೆಯ ಕಡೆಗೆ ತಲೆ ಎತ್ತಿಯೂ ನೋಡಲಿಲ್ಲ. ನೋಡಲು ತಲೆ ಎತ್ತಬೇಕಲ್ಲ?

“ತಗೊಳ್ಳಿ, ನಂಗೂ ಸಾಕಾಗೈತೆ,” ಎಂದು ಹಗ್ಗವನ್ನು ಬೋರಪ್ಪನ ಅಂಗೈಗೆ ಇಟ್ಟ. ಬೋರಪ್ಪ ಎಮ್ಮೆಯ ಹಗ್ಗ ಬಿಚ್ಚಿ ತಂದು ಅವನ ಕೈಗಿಟ್ಟ.

ನಮ್ಮ ಕಡೆಯ ದನದ ಸಂತೆಯಲ್ಲಿ ಒಂದು ಕಟ್ಟಳೆ ಇದೆ. ಬಾಯಿಮಾತು ಎಷ್ಟೇ ಆಗಿರಲಿ, ಅದನ್ನು ಮುರಿಯಬಹುದು. ನಾಲ್ಕು ಜನರ ಎದುರು ಹಗ್ಗ ಕೈ ದಾಟಿತೋ, ಮುಗಿಯಿತು. ಆಮೇಲೆ ದನ ಸತ್ತರೂ, ಈದರೂ, ಹಾರಿ ಹೋದರೂ ಹಗ್ಗ ಹಿಡಿದವನದೇ. ಅಳುತ್ತಾ ಬಂದು ವಾಪಸ್ ಕೇಳಿದವನಿಗೆ ಆ ಸಂತೆಯಲ್ಲಿ ಮತ್ತೆ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ.

ಬೋರಪ್ಪ ಕಾರಿನಿಂದ ಹಗ್ಗ ಬಿಚ್ಚಿ ಬೈಲಪ್ಪನ ಕಡೆ ಎಸೆದ. ಕಾರಿನ ಒಳಗೆ ಕೂತ. ಕೀಲಿ ಮುಟ್ಟಲಿಲ್ಲ. ಸುಮ್ಮನೆ ಬಲಗಾಲು ಒತ್ತಿದ.

ಭರ್ರ್ ಎಂದಿತು.

ಹಿಂದಿನ ಸೀಟಿನಲ್ಲಿ ಇನ್ನೂ ಕೂತೇ ಇದ್ದ ಪೆದ್ದಮ್ಮ “ಅಯ್ಯೋ ನಾಯನಾ!” ಎಂದು ಮಂಕರಿ ತಬ್ಬಿಕೊಂಡಳು. ಬೋರಪ್ಪ ಕಾಲು ಎತ್ತಿದ. ಮತ್ತೆ ಸದ್ದಿಲ್ಲ. ಒತ್ತಿದ, ಭರ್ರ್. ಎತ್ತಿದ, ನಿಶ್ಶಬ್ದ. ಸಂತೆಯ ಜನ ಒಂದು ಹೆಜ್ಜೆ ಹಿಂದೆ ಸರಿದರು.

“ಇದು... ಇದು ಯಾವಾಗ ಸ್ಟಾರ್ಟ್ ಆಯ್ತು?” ಎಂದ ಕ್ಯಾತಪ್ಪ.

“ನಿಂತಿದ್ರೆ ತಾನೇ ಬೀಗ್ರೇ ಸ್ಟಾರ್ಟ್ ಆಗಕ್ಕೆ? ಇದು ನಿಂತೇ ಇಲ್ಲ. ಸದ್ದು ಮಾಡಲ್ಲ, ಅಷ್ಟೇ. ನಾನು ಎಮ್ಮೆ ಕೊಳ್ಳುವಾಗ ಹೊಟ್ಟೆ ಮ್ಯಾಲೆ ಕೈ ಇಟ್ಟು ನೋಡ್ತೀನಿ, ಒಳಗೆ ಕರ ಮಿಸುಕ್ತದೋ ಇಲ್ವೋ ಅಂತ. ಇದರ ಮ್ಯಾಲೂ ಇಟ್ಟೆ. ಮಿಸುಕ್ತಿತ್ತು.”

“ನಾನ್ ಹೇಳ್ನಿಲ್ವಾ ನಡುಗ್ತೈತೆ ಅಂತ?” ಎಂದಳು ಪೆದ್ದಮ್ಮ ಒಳಗಿನಿಂದ.

ಓಡುತ್ತಿದ್ದ ಇಂಜಿನ್ನಿಗೆ ಕೀಲಿ ಹಾಕಿ ಅದರ ಹಲ್ಲು ಕಡಿಸಿದ್ದು, ಓಡುತ್ತಿದ್ದ ಕಾರಿನ ಹೊಟ್ಟೆಯಲ್ಲಿ ನೂಲು ಹುಡುಕಿದ್ದು, ಓಡುತ್ತಿದ್ದ ಕಾರಿಗೆ ಎತ್ತು ಹೂಡಿ ಊರ ತುಂಬ ಎಳೆಸಿದ್ದು, ಎಲ್ಲವೂ ಒಂದರ ಹಿಂದೆ ಒಂದು ಕ್ಯಾತಪ್ಪನ ಕಣ್ಣ ಮುಂದೆ ಬಂದವು. ಅವನು ಎಮ್ಮೆಯ ಹಗ್ಗವನ್ನು ಮುಂದೆ ಚಾಚಿದ.

“ಅಂಗಾರೆ ತಗೊಳ್ಳಿ ನಿಮ್ ಎಮ್ಮೆ! ಕಾರು ಕೆಟ್ಟಿಲ್ಲ! ಪಂತ ನಾನೇ ಗೆದ್ದಂಗಾಯ್ತು!”

ಬೈಲಪ್ಪ ಹಗ್ಗ ಸುತ್ತುತ್ತಾ ತಲೆ ಅಲ್ಲಾಡಿಸಿದ. “ಹಗ್ಗ ಕೊಟ್ಟುಬುಟ್ಟೆ ಯಜಮಾನ. ನಾವೆಲ್ಲಾ ನೋಡಿದ್ವಿ.”

“ಪಂತ ಏನೋ ಗೆದ್ರಿ ಬುಡಿ, ಯಾರೂ ಇಲ್ಲ ಅನ್ನಲ್ಲ,” ಎಂದ ಬೋರಪ್ಪ ಗೇರು ಹಾಕುತ್ತಾ. “ಗೆದ್ರೆ ಏನು ಅಂದಿದ್ರಿ? ನಾನು ಇದ್ರಾಗೆ ಕೂತ್ಕೊಂಡು ಊರೆಲ್ಲಾ ನೋಡೋ ಹಂಗೆ ಪ್ಯಾಟೆ ಸುತ್ತಬೇಕು. ಆಯ್ತು, ಸುತ್ತುತೀನಿ. ನಾನು ಮಾತಿಗೆ ತಪ್ಪೋನಲ್ಲ.”

ಅವನು ಸುತ್ತಿದ. ಒಂದು ಸಲ ಅಲ್ಲ, ಮೂರು ಸಲ. ಪ್ರತಿ ಸಲ ಸಂತೆಯ ಮುಂದೆ ಬಂದಾಗಲೂ ಕೂಗಿ ಹೇಳುತ್ತಿದ್ದ: “ಏನ್ ಗಾಡಿ ಮಾಡವ್ರಪ್ಪ! ಮಗ್ಗ ಮಾಡಿದ ಕೈ ಅಂದ್ರೆ ಸುಮ್ನೇನಾ? ನೂಲು ತೆಗೆದಂಗೆ ಹೋಯ್ತದೆ!” ಮೂರನೇ ಸುತ್ತಿಗೆ ಚಿಕ್ಕನರಸಯ್ಯನೂ ಮುಂದಿನ ಸೀಟಿನಲ್ಲಿದ್ದ. ಸಾಕ್ಷಿಗೆ.

ಕ್ಯಾತಪ್ಪ ಎಮ್ಮೆ ಹೊಡೆದುಕೊಂಡು ಕೊರಟಗೆರೆಯ ದಾರಿ ಹಿಡಿದ. ಬಸ್ಸಿನಲ್ಲಿ ಎಮ್ಮೆ ಹತ್ತಿಸುವುದಿಲ್ಲ. ಹತ್ತಿಸಿದ್ದರೂ ಆ ಬಸ್ಸಿಗೆ ಅವನು ಹತ್ತುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ಹೋಗೋಣ ಎಂದರೆ ಎಮ್ಮೆ ರಸ್ತೆ ಬಿಟ್ಟು ಇಳಿಯಲಿಲ್ಲ.

ಸಂತೆಯಿಂದ ಹೊಸ ದನ ಹೊಡೆದುಕೊಂಡು ಬರುವವನನ್ನು ಕಂಡರೆ ನಮ್ಮ ಜನ ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ದನದ ಬೆನ್ನ ಮೇಲೆ ಒಂದು ಪೆಟ್ಟು ಹಾಕಿ, “ಏನ್ ಕೊಟ್ಟೆ?” ಎನ್ನುತ್ತಾರೆ. ಗುರುತಿನವರೂ ಕೇಳುತ್ತಾರೆ, ಹಾದಿಹೋಕರೂ ಕೇಳುತ್ತಾರೆ. ಉತ್ತರ ಹೇಳದೆ ಹೋಗುವುದು ಮರ್ಯಾದೆಯಲ್ಲ.

ಬಾವಿಕಟ್ಟೆಯ ಮೇಲಿದ್ದವನು ಕೇಳಿದ: “ಏನ್ ಕೊಟ್ರಿ ಯಜಮಾನ್ರೇ?” ಕ್ಯಾತಪ್ಪ ಕೆಮ್ಮಿದ. ಬೆಳಿಗ್ಗೆ ಎದ್ದು ನಿಂತು ನೋಡಿದ್ದ ಶೇಂಗಾ ಹೊಲದ ಹೆಂಗಸರು ಮತ್ತೆ ಎದ್ದು ನಿಂತರು. “ಏನ್ ಕೊಟ್ಟೆ ಅಣ್ಣಾ ಎಮ್ಮೆಗೆ?” ಕ್ಯಾತಪ್ಪ ಎಮ್ಮೆಯ ಆ ಕಡೆಗೆ ಸರಿದು ನಡೆದ. ಸಲಾಮು ಹೊಡೆದಿದ್ದ ಗಾಡಿಯವನು ಎದುರಿಗೇ ಬಂದ, ಗಾಡಿ ನಿಲ್ಲಿಸಿ ಕೇಳಿದ. “ಸ್ವಲ್ಪ ಜಾಸ್ತಿನೇ ಆಯ್ತು ಕಣಪ್ಪ,” ಎಂದ ಕ್ಯಾತಪ್ಪ, ದನಿ ಹೊರಡದೆ.

ಬಿಸಿಲು ಇಳಿಯುವ ಹೊತ್ತಿಗೆ ಮನೆ ಸೇರಿದ. ನಾಗಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಮೊದಲು ಗಂಡನ ಮುಖ ನೋಡಿದಳು. ಮೀಸೆ ಎರಡೂ ಕಡೆ ಇತ್ತು. ಅವಳ ಜೀವ ಬಂತು.

“ಗೆದ್ದುಬಂದೆ ಅನ್ನು!” ಎಂದಳು. “ಬೀಗ್ರು ಎಮ್ಮೆ ಬೇರೆ ಕೊಟ್ಟು ಕಳಿಸವ್ರಾ? ಕಾರು ರಹೀಮನ ಮನೆ ತಾವ ಬುಟ್ಟು ಬಂದ್ಯಾ?”

ಕ್ಯಾತಪ್ಪ ಜಗಲಿಯ ಮೇಲೆ ಕುಸಿದು ಕೂತ. ನಾಗಕ್ಕ ದನ ಸಾಕಿದ ಮನೆಯ ಮಗಳು. ಎಮ್ಮೆಯ ಸುತ್ತ ಒಂದು ಸುತ್ತು ಬಂದಳು, ಬಾಯಿ ಬಿಡಿಸಿ ಹಲ್ಲು ನೋಡಿದಳು, ಬಗ್ಗಿ ಕೆಚ್ಚಲಿಗೆ ಕೈ ಹಾಕಿದಳು. ಅಲ್ಲೇ ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದಳು. ಎದ್ದಾಗ ಮುಖದ ಮೇಲಿದ್ದ ನಗು ಹೋಗಿತ್ತು.

“ಅಯ್ಯಯ್ಯೋ, ಮುದಿ ಗೊಡ್ಡೆಮ್ಮೆ ಕಣಯ್ಯಾ ಇದು! ಕಾಸಿಗೆ ತಗೊಂಡೆಯಾ ಇದನ್ನ? ಹೇಳು, ಏನ್ ಕೊಟ್ಟೆ ಇದಕ್ಕೆ?”

ಒಳಗಿನಿಂದ ಸರೋಜಮ್ಮನೂ ಬಾಗಿಲಿಗೆ ಬಂದು ನಿಂತಳು. ಪಕ್ಕದ ಮನೆಯವರು ಗೋಡೆಯ ಮೇಲಿಂದ ತಲೆ ಎತ್ತಿದರು. ಕ್ಯಾತಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ನಿಧಾನವಾಗಿ ಮುಖದ ಮೇಲೆ ಎಳೆದುಕೊಂಡ.